ಮೋಟಾರು ಗಾಡಿಯ ಮಾತು ಯಾರ ಸೊತ್ತು?

ರೋಗಿಯು ತನ್ನ ನೋವನ್ನು ಬಾಯಿಬಿಟ್ಟು ಹೇಳಿದರೆ ವೈದ್ಯನ ಅರ್ಧ ಕೆಲಸ ಮುಗಿದಂತೆ ಎಂದು ಬಲ್ಲವರು ಹೇಳುತ್ತಾರೆ. ಬಾಯಿಲ್ಲದ ದನಕರುಗಳಿಗೆ ಮದ್ದು ಕೊಡುವವನ ಕಷ್ಟ ಇದಕ್ಕಿಂತ ಹೆಚ್ಚಿನದು. ಅವನು ಕಣ್ಣು ನೋಡಿ, ಮೈ ಮುಟ್ಟಿ, ಮೇವು ಬಿಟ್ಟಿದೆಯೇ ಎಂದು ವಿಚಾರಿಸಿ ಊಹಿಸಬೇಕು. ಮೋಟಾರು ಗಾಡಿಯೂ ಬಹುಕಾಲ ಇಂತಹ ಮೂಕಪ್ರಾಣಿಯೇ ಆಗಿತ್ತು. ಮೇಸ್ತ್ರಿಯಾದವನು ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಹೊಗೆಯ ಬಣ್ಣವನ್ನು ನೋಡಿ, ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಅದರ ತುದಿಯ ಮಸಿಯನ್ನು ಪರೀಕ್ಷಿಸಿ ರೋಗನಿರ್ಣಯ ಮಾಡುತ್ತಿದ್ದನು. ಈಗ ಗಾಡಿಗೆ ಬಾಯಿ ಬಂದಿದೆ. ತನ್ನೊಳಗೆ ಏನು ಕೆಟ್ಟಿದೆ, ಎಷ್ಟು ಕಾವೇರಿದೆ, ಯಾವ ಸಿಲಿಂಡರು ಕೆಲಸ ತಪ್ಪುತ್ತಿದೆ ಎಂಬುದನ್ನು ಅದು ತಾನೇ ಅಂಕಿಗಳಲ್ಲಿ ಹೇಳುತ್ತದೆ. ಆದರೆ ಆ ಮಾತನ್ನು ಕೇಳುವ ಹಕ್ಕು ಯಾರದು? ಗಾಡಿಯನ್ನು ತಯಾರಿಸಿದ ಕಂಪನಿಯದೋ, ಸಾಲ ಮಾಡಿ ಕೊಂಡವನದೋ, ಅದನ್ನು ರಿಪೇರಿ ಮಾಡಿ ಹೊಟ್ಟೆ ಹೊರೆಯುವ ಮೇಸ್ತ್ರಿಯದೋ? ಈ ಪ್ರಶ್ನೆಯನ್ನು ವಾಚಕ ಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

"ಕಲಾ ಕಾಲೇಜಿನವರಿಗೆ ಇಂಜಿನ್ನಿನ ಗೊಡವೆ ಏಕೆ? ಇದು ಪಾಲಿಟೆಕ್ನಿಕ್ಕಿನವರ ವಿಷಯವಲ್ಲವೇ?" ಎಂದು ಕೆಲವರಾದರೂ ಕೇಳಬಹುದು. ಗಾಡಿಯನ್ನು ಬಿಚ್ಚಿ ಜೋಡಿಸುವುದು ಅವರ ವಿಷಯವೇ ಸರಿ. ಆದರೆ ಸೊತ್ತೆಂದರೇನು, ಹಕ್ಕೆಂದರೇನು, ಜ್ಞಾನವನ್ನು ಬೀಗ ಹಾಕಿ ಇಡಬಹುದೇ, ಒಂದು ಭಾಷೆಯನ್ನು ಒಬ್ಬನೇ ಆಳಬಹುದೇ ಎಂಬಿವು ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಭಾಷಾಶಾಸ್ತ್ರಗಳನ್ನು ಓದುವ ನಮ್ಮವೇ ಪ್ರಶ್ನೆಗಳು. ಅಲ್ಲದೆ ನಮ್ಮಲ್ಲಿ ಅನೇಕರು ದಿನವೂ ಕಾಲೇಜಿಗೆ ಬರುವುದು ಯಾವುದಾದರೊಂದು ಇಂಜಿನ್ನಿನ ದಯೆಯಿಂದಲೇ.

ಮೊದಲು ಗಾಡಿಗೆ ಈ ಬಾಯಿ ಬಂದ ಬಗೆಯನ್ನು ನೋಡೋಣ. ಅಮೆರಿಕದ ಲಾಸ್ ಏಂಜಲೀಸ್ ನಗರವನ್ನು ಎರಡನೆಯ ಮಹಾಯುದ್ಧದ ಕಾಲದಿಂದಲೂ ಕಣ್ಣು ಉರಿಸುವ ಒಂದು ಮಬ್ಬು ಹೊಗೆ ಕಾಡುತ್ತಿತ್ತು. ಹಾಲೆಂಡಿನಲ್ಲಿ ಹುಟ್ಟಿ ಅಲ್ಲಿ ನೆಲೆಸಿದ್ದ ಆರಿ ಹಾಗೆನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿಯು, ಮೋಟಾರುಗಳಿಂದಲೂ ತೈಲ ಉದ್ಯಮದಿಂದಲೂ ಹೊರಬೀಳುವ ಅನಿಲಗಳು ಬಿಸಿಲಿನಲ್ಲಿ ಬೆರೆತು ಈ ಹೊಗೆಯಾಗುತ್ತದೆಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟನು. 1967ರಲ್ಲಿ ಕ್ಯಾಲಿಫೋರ್ನಿಯಾ ಸಂಸ್ಥಾನವು ವಾಯು ಸಂಪನ್ಮೂಲ ಮಂಡಲಿಯನ್ನು ಸ್ಥಾಪಿಸಿದಾಗ ಅದರ ಮೊದಲ ಅಧ್ಯಕ್ಷನಾದವನೂ ಅವನೇ. ಕಾರ್ಖಾನೆಯಿಂದ ಹೊರಬಂದ ದಿನ ಶುದ್ಧವಾಗಿರುವ ಕಾರು ಐದಾರು ವರ್ಷಗಳ ಮೇಲೂ ಹಾಗೆಯೇ ಇದೆಯೆಂದು ತಿಳಿಯುವುದು ಹೇಗೆ? ಕಾರೇ ತನ್ನನ್ನು ತಾನು ಕಾಯಬೇಕು, ಕೆಟ್ಟಾಗ ದೀಪ ಹೊತ್ತಿಸಿ ಹೇಳಬೇಕು ಎಂದು ಈ ಮಂಡಲಿಯು ಗೊತ್ತುಮಾಡಿತು. 1988ರ ಮಾದರಿಯ ಕಾರುಗಳಿಂದ ಮೊದಲ ನಿಯಮ ಬಂದಿತು. ಆದರೆ ಒಂದೊಂದು ಕಂಪನಿಯ ಕಾರು ಒಂದೊಂದು ಭಾಷೆಯಾಡುತ್ತಿತ್ತು. ಆ ಗೊಂದಲವನ್ನು ಕಳೆದು, ಒಂದೇ ಆಕಾರದ ಸಾಕೆಟ್ಟು, ಒಂದೇ ಸಂಕೇತಾವಳಿ ಇರಬೇಕೆಂಬ ಎರಡನೆಯ ನಿಯಮವು 1996ರ ಮಾದರಿಯಿಂದ ಅಮೆರಿಕದ ಎಲ್ಲ ಕಾರುಗಳಿಗೂ ಕಡ್ಡಾಯವಾಯಿತು. ಇದನ್ನೇ ಓ.ಬಿ.ಡಿ. ಎರಡು ಎನ್ನುತ್ತಾರೆ, ಗಾಡಿಯೊಳಗೇ ಇರುವ ರೋಗನಿರ್ಣಯ ವ್ಯವಸ್ಥೆ ಎಂದು ಅರ್ಥ. ಯೂರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ ಇದು 2001ರಲ್ಲಿ ಬಂದಿತು. ನಮ್ಮ ದೇಶದಲ್ಲಿ ಭಾರತ್ ಸ್ಟೇಜ್ ನಾಲ್ಕರ ಕಾರುಗಳಿಗೆ ಮೊದಲ ಹಂತವು 2010ರ ಏಪ್ರಿಲಿನಿಂದ, ಎರಡನೆಯ ಹಂತವು 2013ರ ಏಪ್ರಿಲಿನಿಂದ ಜಾರಿಗೆ ಬಂದವು. 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಭಾರತ್ ಸ್ಟೇಜ್ ಆರು ಬಂದಮೇಲೆ ಬೈಕು, ಸ್ಕೂಟರುಗಳಿಗೂ ಈ ಬಾಯಿ ಬಂದಿದೆ.

ಇಲ್ಲಿ ಗಮನಿಸತಕ್ಕ ಅಂಶ ಒಂದುಂಟು. ಗಾಡಿಗೆ ಮಾತು ಕಲಿಸಿದ್ದು ಕಂಪನಿಗಳ ಔದಾರ್ಯವಲ್ಲ. ಎಲ್ಲರೂ ಉಸಿರಾಡುವ ಗಾಳಿಯ ಹಿತಕ್ಕಾಗಿ ಕಾನೂನು ಕಲಿಸಿದ ಮಾತು ಅದು. ಲೋಕಹಿತಕ್ಕಾಗಿ ಹುಟ್ಟಿದ ಮಾತನ್ನು ಲೋಕವೇ ಕೇಳಲಾರದಂತೆ ಮಾಡುವುದು ಯಾವ ನ್ಯಾಯ?

ಆ ಮಾತಾದರೂ ಎಂತಹುದು? ಸ್ಟೀರಿಂಗ್ ಚಕ್ರದ ಕೆಳಗೆ, ಚಾಲಕನ ಮೊಣಕಾಲಿನ ಬಳಿ, ಹದಿನಾರು ರಂಧ್ರಗಳ ಒಂದು ಪುಟ್ಟ ಸಾಕೆಟ್ಟು ಇರುವುದು. ಅದಕ್ಕೆ ಒಂದು ಸಾಧನವನ್ನು ಚುಚ್ಚಿ ಕೇಳಿದರೆ ಗಾಡಿಯ ಗಣಕವು ಉತ್ತರ ಕೊಡುತ್ತದೆ. ಇಂಜಿನ್ನಿನ ವೇಗವೆಷ್ಟು ಎಂದು ಕೇಳಿದರೆ ಅದು 26, 248 ಎಂಬ ಎರಡು ಅಂಕಿಗಳನ್ನು ಕಳುಹಿಸಿತೆನ್ನಿ. ಮೊದಲನೆಯದನ್ನು 256ರಿಂದ ಗುಣಿಸಿ, ಎರಡನೆಯದನ್ನು ಕೂಡಿಸಿ, ನಾಲ್ಕರಿಂದ ಭಾಗಿಸಿದರೆ 1,726. ಅಂದರೆ ಇಂಜಿನ್ನು ನಿಮಿಷಕ್ಕೆ ಅಷ್ಟು ಸುತ್ತು ತಿರುಗುತ್ತಿದೆ. ತಂಪುನೀರಿನ ಉಷ್ಣತೆಯನ್ನು ಕೇಳಿದರೆ ಬಂದ ಅಂಕಿಯಲ್ಲಿ ನಲವತ್ತನ್ನು ಕಳೆದರಾಯಿತು. ಪ್ರೌಢಶಾಲೆಯ ಹುಡುಗನಿಗೂ ಬರುವ ಲೆಕ್ಕ! ದೋಷಗಳಿಗೂ ಹೀಗೆಯೇ ಸಂಖ್ಯೆಗಳಿವೆ. ಪಿ 0301 ಎಂದರೆ ಮೊದಲನೆಯ ಸಿಲಿಂಡರಿನಲ್ಲಿ ಮಿಸ್ಸಿಂಗ್. ಪಿ 0171 ಎಂದರೆ ಉರಿಯುವ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ. ಪಿ 0420 ಎಂದರೆ ಹೊಗೆಯನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರು ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿಲ್ಲ. ಸೊನ್ನೆಯಿಂದ ತೊಡಗುವ ಇಂತಹ ಸಂಖ್ಯೆಗಳು ಎಲ್ಲ ಕಂಪನಿಗಳಿಗೂ ಸಮಾನ. ಆದರೆ ಪಿ 1 ಎಂದು ತೊಡಗುವವು ಆಯಾ ಕಂಪನಿಯ ಸ್ವಂತ ಸಂಕೇತಗಳು. ಬ್ರೇಕು, ಏರ್‌ಬ್ಯಾಗು ಮೊದಲಾದ ಇತರ ಭಾಗಗಳ ಮಾತಿನಲ್ಲಂತೂ ಬಹುಪಾಲು ಕಂಪನಿಯ ಒಳಗುಟ್ಟೇ. ಬಾಗಿಲು ತೆರೆದಿರುವುದು ಹಜಾರಕ್ಕೆ ಮಾತ್ರ, ಒಳಮನೆಗೆಲ್ಲ ಬೀಗ.

ಈ ಬೀಗದ ಪೆಟ್ಟು ಯಾರಿಗೆ ಬೀಳುತ್ತದೆ? ನಮ್ಮ ಊರಿನ ಬಸ್ ನಿಲ್ದಾಣದ ಹಿಂದಿನ ಗ್ಯಾರೇಜಿನಲ್ಲಿ ಮೂವತ್ತು ವರ್ಷಗಳಿಂದ ಕೆಲಸ ಮಾಡುತ್ತಿರುವ ಒಬ್ಬ ಮೇಸ್ತ್ರಿಗಳನ್ನು ಈ ಲೇಖನಕ್ಕಾಗಿ ಮಾತನಾಡಿಸಿದೆ. ಅವರು ಕೈಯ ಗ್ರೀಸನ್ನು ಬಟ್ಟೆಗೆ ಒರೆಸುತ್ತ ಹೇಳಿದರು: "ತಮ್ಮಾ, ಇಂಜಿನ್ನು ಪೂರಾ ಇಳಿಸಿ ಮತ್ತೆ ಕೂರಿಸೋದು ನನಗೆ ಗೊತ್ತು. ಆದರೆ ಈ ಹಳದಿ ದೀಪ ಯಾಕೆ ಉರೀತದೆ ಅಂತ ಕೇಳೋಕೆ ಗಿರಾಕೀನ ಶೋರೂಮಿಗೆ ಕಳಿಸಬೇಕು. ಹೋದ ಗಿರಾಕಿ ವಾಪಸು ಬರೋದಿಲ್ಲ." ಈ ನಾಲ್ಕು ಮಾತಿನಲ್ಲಿ ಒಂದು ಕಸುಬಿನ ಭವಿಷ್ಯವೇ ಅಡಗಿದೆ. ಅವರ ಕೈಗೆ ನೈಪುಣ್ಯ ಕಡಿಮೆಯಾಗಿಲ್ಲ. ಕಿವಿಗೆ ಮಾತ್ರ ಅಡ್ಡಿ ಬಂದಿದೆ.

ಇದು ಒಬ್ಬರ ಗೋಳಲ್ಲ. ಭಾರತದ ಸ್ಪರ್ಧಾ ಆಯೋಗವು ಇದನ್ನೇ ವಿಚಾರಣೆ ಮಾಡಿ, 2014ರ ಆಗಸ್ಟ್ 25ರಂದು ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತು. ಬಿಡಿಭಾಗಗಳನ್ನೂ, ರೋಗನಿರ್ಣಯದ ಸಾಧನಗಳನ್ನೂ, ರಿಪೇರಿಯ ಕೈಪಿಡಿಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಕ್ಕದಂತೆ ಮಾಡಿ ಸ್ಪರ್ಧೆಯನ್ನು ಕೊಂದಿದ್ದಾರೆ ಎಂಬುದು ಆಯೋಗದ ನಿರ್ಣಯ. ಅವುಗಳನ್ನು ಸ್ವತಂತ್ರ ಮೇಸ್ತ್ರಿಗಳಿಗೂ ದೊರಕಿಸಬೇಕೆಂದು ಆಜ್ಞೆಯನ್ನೂ ಮಾಡಿತು. ಕಂಪನಿಗಳು ಮೇಲಿನ ನ್ಯಾಯಸ್ಥಾನಗಳ ಮೆಟ್ಟಿಲೇರಿದವು. ಮೊಕದ್ದಮೆಯ ಗತಿ ಏನೇ ಇರಲಿ, ಬೀಗವೊಂದಿದೆ ಎಂಬುದಕ್ಕೆ ಸರ್ಕಾರಿ ಸಾಕ್ಷಿಯಂತೂ ದೊರೆತಂತಾಯಿತು.

ಕಾನೂನು ನಿಧಾನವಾಗಿ ನಡೆಯುತ್ತಿರುವಾಗ ಬೇರೊಂದು ದಾರಿಯಲ್ಲಿ ಕೆಲವರು ಮುಂದೆ ನಡೆದಿದ್ದಾರೆ. ಅವರೇ ಓಪನ್ ಸೋರ್ಸ್ ತಂತ್ರಾಂಶವನ್ನು, ಅಂದರೆ ಮೂಲಬರಹವನ್ನು ಎಲ್ಲರೆದುರಿಗೆ ತೆರೆದಿಟ್ಟ ತಂತ್ರಾಂಶವನ್ನು, ಬರೆಯುವವರು. ಅಡಿಗೆಯನ್ನು ಬಡಿಸುವುದಷ್ಟೇ ಅಲ್ಲ, ಮಾಡುವ ವಿಧಾನವನ್ನೂ ಬರೆದುಕೊಡುವುದು ಇವರ ಧರ್ಮ. ಯಾರು ಬೇಕಾದರೂ ಅದನ್ನು ಬಳಸಬಹುದು, ಒಳಗನ್ನು ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ರಿಚರ್ಡ್ ಸ್ಟಾಲ್‌ಮನ್ ಎಂಬುವರು 1983ರಲ್ಲಿ ಗ್ನೂ ಯೋಜನೆಯನ್ನು ಸಾರಿದಂದಿನಿಂದ ಬೆಳೆದುಬಂದ ಈ ಪರಂಪರೆಯು ಮೋಟಾರಿನ ಬಾನೆಟ್ಟಿನೊಳಕ್ಕೂ ಹೋಗಿದೆ. ಗಣಕದಲ್ಲಿ ಓಡುವ ಫ್ರೀಡಯಾಗ್, ಮೊಬೈಲಿನಲ್ಲಿ ಓಡುವ ಆ್ಯಂಡ್ರ್‌ಓಬಿಡಿ, ಪೈಥಾನ್ ಭಾಷೆಯನ್ನು ಬಲ್ಲವರಿಗಾಗಿ ಇರುವ ಪೈಥಾನ್-ಓಬಿಡಿ ಇವೆಲ್ಲ ಈ ಬಗೆಯವು. ಇವಕ್ಕೆ ಕೊಡಬೇಕಾದ ಬೆಲೆ ಏನೂ ಇಲ್ಲ. ಗಾಡಿಗೂ ಮೊಬೈಲಿಗೂ ನಡುವೆ ದುಭಾಷಿಯಾಗಿ ನಿಲ್ಲುವ ಒಂದು ಬೆರಳುದ್ದದ ಸಾಧನವು ಮಾತ್ರ ಬೇಕು. ಅಗ್ಗದ್ದು ಕೆಲವು ನೂರು ರೂಪಾಯಿಗೆ ಪೇಟೆಯಲ್ಲಿ ಸಿಗುತ್ತದೆ.

ಈ ದುಭಾಷಿಯ ಕಥೆಯೂ ಸ್ವಾರಸ್ಯವಾದುದು. ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಎಂಬ ಸಣ್ಣ ಸಂಸ್ಥೆಯು ಎಲ್ಮ್ 327 ಎಂಬ ಚಿಪ್ಪನ್ನು ಮಾಡಿತು. ಗಾಡಿಗಳ ಹಲವು ಬಗೆಯ ಸಂಕೇತಗಳನ್ನು ಸರಳ ಅಕ್ಷರಗಳಿಗೆ ತಿರುಗಿಸಿ ಕೊಡುವುದು ಅದರ ಕೆಲಸ. ಅದರ ಆಜ್ಞೆಗಳನ್ನೆಲ್ಲ ಸಂಸ್ಥೆಯು ಕೈಪಿಡಿಯಲ್ಲಿ ಪ್ರಕಟಿಸಿದ್ದರಿಂದ ಅದಕ್ಕೆ ಹೊಂದುವ ತಂತ್ರಾಂಶವನ್ನು ಯಾರು ಬೇಕಾದರೂ ಬರೆಯುವಂತಾಯಿತು. ಆದರೆ ಚಿಪ್ಪಿನ ಒಳಬರಹವು ಮುಕ್ತವಾಗಿರಲಿಲ್ಲ. ಮೊದಲ ಆವೃತ್ತಿಗೆ ನಕಲು ತಡೆಯುವ ರಕ್ಷೆಯೂ ಇರಲಿಲ್ಲ. ಪರಿಣಾಮವಾಗಿ ಪ್ರಪಂಚದ ತುಂಬ ಕಳ್ಳ ನಕಲುಗಳು ಹರಡಿದವು. ಮೂಲ ಸಂಸ್ಥೆಯು 2022ರಲ್ಲಿ ಬಾಗಿಲು ಮುಚ್ಚಿತು. ಕದ್ದ ನಕಲು ಬೇರೆ, ಒಪ್ಪಿ ಕೊಟ್ಟ ಜ್ಞಾನ ಬೇರೆ. ಮುಕ್ತ ತಂತ್ರಾಂಶವನ್ನು ಕೊಂಡಾಡುವ ಭರದಲ್ಲಿ ಈ ಭೇದವನ್ನು ನಾವು ಮರೆಯಬಾರದು. ಅಗ್ಗದ ನಕಲುಗಳಲ್ಲಿ ಕೆಲವು ಅರೆಬರೆ ಉತ್ತರ ಕೊಡುತ್ತವೆ ಎಂಬುದೂ ನಿಜ. "ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಲೇಸು" ಎಂದುಕೊಂಡು ಸದ್ಯಕ್ಕೆ ಬಳಸಬಹುದಾದರೂ, ಒಳಬರಹವೂ ಮುಕ್ತವಾಗಿರುವ ಸಾಧನವನ್ನು ನಮ್ಮ ಪಾಲಿಟೆಕ್ನಿಕ್ ವಿದ್ಯಾರ್ಥಿಗಳೇ ತಯಾರಿಸುವ ಕಾಲ ಬರಬೇಕೆಂಬುದು ನನ್ನ ಹಾರೈಕೆ.

ಈಗ ಎದುರಾಳಿಗಳ ವಾದವನ್ನು ಕೇಳೋಣ. ಅವರ ಮೊದಲ ಮಾತು: "ಎಲ್ಲರಿಗೂ ಬಾಗಿಲು ತೆರೆದರೆ ಜನರು ಗಣಕದೊಳಕ್ಕೆ ಕೈಹಾಕಿ, ಹೆಚ್ಚು ಶಕ್ತಿಯ ಆಸೆಗೆ ಹೊಗೆಯ ನಿಯಮಗಳನ್ನು ಮುರಿಯುತ್ತಾರೆ." 2015ರ ಜುಲೈ ತಿಂಗಳಿನಲ್ಲಿ ಅಮೆರಿಕದ ಪರಿಸರ ರಕ್ಷಣಾ ಇಲಾಖೆಯೇ ಇದೇ ಭಯದಿಂದ, ಕಾರಿನ ತಂತ್ರಾಂಶವನ್ನು ಒಡೆಯರು ತೆರೆದು ನೋಡಲು ವಿನಾಯಿತಿ ಕೊಡಬಾರದೆಂದು ಕೃತಿಸ್ವಾಮ್ಯದ ಕಚೇರಿಗೆ ಪತ್ರ ಬರೆಯಿತು. ಎರಡು ತಿಂಗಳು ಕಳೆಯಿತು. ಸೆಪ್ಟೆಂಬರ್ 18ರಂದು ಅದೇ ಇಲಾಖೆಯು ಫೋಕ್ಸ್‌ವ್ಯಾಗನ್ ಕಂಪನಿಯ ಮೋಸವನ್ನು ಲೋಕಕ್ಕೆ ಸಾರಬೇಕಾಯಿತು! ಪರೀಕ್ಷೆ ನಡೆಯುತ್ತಿದೆಯೆಂದು ಗುರುತಿಸಿ ಆಗ ಮಾತ್ರ ಶುದ್ಧವಾಗಿ ನಡೆದುಕೊಳ್ಳುವ ತಂತ್ರಾಂಶವನ್ನು ಕಂಪನಿಯು ತನ್ನ ಡೀಸೆಲ್ ಕಾರುಗಳಲ್ಲಿ ಅಡಗಿಸಿತ್ತು. ಪ್ರಪಂಚದಲ್ಲೆಲ್ಲ ಸುಮಾರು ಒಂದು ಕೋಟಿ ಹತ್ತು ಲಕ್ಷ ಕಾರುಗಳು ಇದಕ್ಕೆ ಒಳಪಟ್ಟಿದ್ದವು. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು ಕಾರಿನ ಬಾಲಕ್ಕೆ ಅಳತೆಯ ಯಂತ್ರ ಕಟ್ಟಿ ರಸ್ತೆಯಲ್ಲಿ ಓಡಿಸಿ ನೋಡಿರದಿದ್ದರೆ ಆ ಗುಟ್ಟು ಇನ್ನೆಷ್ಟು ದಿನ ಉಳಿಯುತ್ತಿತ್ತೋ! ಆ ಕಾರುಗಳ ದೀಪವು ಉರಿಯಲಿಲ್ಲ. ಬಾಯಿಗೇ ಸುಳ್ಳು ಕಲಿಸಿದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಹ್ಯಾಂಬರ್ಗ್ ನಗರದ ಒಂದು ಸಮ್ಮೇಳನದಲ್ಲಿ ಸ್ವತಂತ್ರ ತಂತ್ರಜ್ಞರು ಗಣಕದ ಬರಹವನ್ನು ಬಿಡಿಸಿ, ಮೋಸ ನಡೆದ ಬಗೆಯನ್ನು ತೋರಿಸಿದರು. ಮುಚ್ಚಿದ ಬಾಗಿಲು ಕಳ್ಳನನ್ನು ಹೊರಗಿಡುತ್ತದೆ ಎನ್ನುವವರು, ಕಳ್ಳನು ಒಳಗೇ ಇದ್ದರೆ ಏನು ಮಾಡಬೇಕೆಂಬುದನ್ನೂ ಹೇಳಬೇಡವೇ? ಆ ಅಕ್ಟೋಬರಿನಲ್ಲಿ ಅಮೆರಿಕವು ಒಡೆಯರಿಗೆ ರಿಪೇರಿಗಾಗಿ ಆ ವಿನಾಯಿತಿಯನ್ನು ಕೊಟ್ಟಿತು.

ಇನ್ನೊಂದು ಸೋಜಿಗ. ಲಿನಕ್ಸ್ ಗಣಕವು ಕಾರಿನ ಕ್ಯಾನ್ ಎಂಬ ತಂತಿಜಾಲದೊಡನೆ ಮಾತನಾಡಲು ಬಳಸುವ ಸಾಕೆಟ್‌ಕ್ಯಾನ್ ಎಂಬ ಮುಕ್ತ ತಂತ್ರಾಂಶವನ್ನು ಕೊಟ್ಟದ್ದು ಇದೇ ಫೋಕ್ಸ್‌ವ್ಯಾಗನ್‌ನ ಸಂಶೋಧನಾ ವಿಭಾಗ. 2008ರಲ್ಲಿ ಅದು ಲಿನಕ್ಸಿನಲ್ಲಿ ಸೇರಿತು. ಕ್ಯಾನ್ ಜಾಲವನ್ನು ರೂಪಿಸಿದ್ದು ಜರ್ಮನಿಯ ಬಾಷ್ ಕಂಪನಿ; ಬೆಂಗಳೂರಿನವರು 'ಮೈಕೋ' ಎಂದೇ ಕರೆಯುತ್ತಿದ್ದ ಆಡುಗೋಡಿಯ ಕಾರ್ಖಾನೆ ಅದರದೇ ಕುಡಿಯಾಗಿತ್ತು. ಒಂದೇ ಕಂಪನಿಯ ಒಂದು ಕೈ ತೆರೆದು ಕೊಟ್ಟಿತು, ಇನ್ನೊಂದು ಕೈ ಮುಚ್ಚಿಟ್ಟು ಮೋಸ ಮಾಡಿತು. ತೆರೆದು ಕೊಟ್ಟದ್ದು ಇಂದಿಗೂ ಲೋಕಕ್ಕೆ ಉಪಯೋಗವಾಗುತ್ತಿದೆ. ಮುಚ್ಚಿಟ್ಟದ್ದು ಕಂಪನಿಯ ಹೆಸರನ್ನೇ ಕೆಡಿಸಿತು. ಆದುದರಿಂದ ಕಂಪನಿಗಳನ್ನು ದೂರುವುದಕ್ಕಿಂತ ಪದ್ಧತಿಯನ್ನು ತಿದ್ದುವುದೇ ಲೇಸು.

ಎರಡನೆಯ ವಾದ ಭದ್ರತೆಯದು: "ಗುಟ್ಟು ಬಯಲಾದರೆ ದೂರದಿಂದಲೇ ಕಾರನ್ನು ವಶಮಾಡಿಕೊಳ್ಳುವ ದುಷ್ಟರು ಹುಟ್ಟುತ್ತಾರೆ." ಈ ಭಯ ಹುಸಿಯಲ್ಲ. ಚಾರ್ಲಿ ಮಿಲ್ಲರ್, ಕ್ರಿಸ್ ವಾಲಸೆಕ್ ಎಂಬ ಇಬ್ಬರು 2015ರಲ್ಲಿ, ಹೆದ್ದಾರಿಯಲ್ಲಿ ಓಡುತ್ತಿದ್ದ ಒಂದು ಜೀಪನ್ನು ದೂರದಿಂದಲೇ ನಿಯಂತ್ರಿಸಿ ತೋರಿಸಿದರು. ಆದರೆ ಅದರ ಫಲವೇನು? ಕಂಪನಿಯು ಹದಿನಾಲ್ಕು ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಸಿ ದೋಷವನ್ನು ಸರಿಪಡಿಸಿತು. ದೋಷವನ್ನು ಹುಟ್ಟಿಸಿದ್ದು ಅವರಲ್ಲ. ಗುಟ್ಟಾಗಿದ್ದ ತಂತ್ರಾಂಶದಲ್ಲಿ ಅದು ಮೊದಲೇ ಇತ್ತು. ಅವರು ಬಯಲಿಗೆ ತಂದರು, ಅಷ್ಟೇ. ಅಲ್ಲದೆ ಗಾಡಿಯ ಮಾತನ್ನು ಓದುವುದು ಬೇರೆ, ಅದರ ತಲೆಯೊಳಗೆ ಬರೆಯುವುದು ಬೇರೆ. ಬರೆಯುವುದಕ್ಕೆ ಕಟ್ಟುಪಾಡು ಇರಲಿ. ಹೊಗೆಯ ನಿಯಮವನ್ನು ಮುರಿದವನಿಗೆ ದಂಡವೂ ಇರಲಿ. ಆದರೆ ಓದುವುದನ್ನೇ ನಿಷೇಧಿಸುವುದು ನೆಗಡಿ ಬಂದಿತೆಂದು ಮೂಗನ್ನು ಕೊಯ್ದುಕೊಂಡಂತೆ.

ಓದುವ ಹಕ್ಕಿನಿಂದ ಬಡವನಿಗೆ ಆಗುವ ಪ್ರಯೋಜನಕ್ಕೆ ಒಂದು ಉದಾಹರಣೆ ಸಾಕು. ಹಳೆಯ ಕಾರನ್ನು ಮಾರುವವನು ಗಿರಾಕಿ ಬರುವ ಮುಂಚೆ ದೋಷಗಳ ಪಟ್ಟಿಯನ್ನು ಅಳಿಸಿ ದೀಪವನ್ನು ಆರಿಸಿಬಿಡುವುದುಂಟು. ಕೊಳ್ಳುವವನು ಹೊಳೆಯುವ ಬಣ್ಣವನ್ನು ನೋಡಿ ಮರುಳಾಗುತ್ತಾನೆ. ಆದರೆ ಪಟ್ಟಿಯನ್ನು ಅಳಿಸಿದೊಡನೆ ಗಾಡಿಯ ಗಣಕವು ತನ್ನ ಸ್ವಪರೀಕ್ಷೆಗಳನ್ನು ಮತ್ತೆ ಮೊದಲಿನಿಂದ ತೊಡಗಬೇಕಾಗುತ್ತದೆ; ಅವು ಇನ್ನೂ ಮುಗಿದಿಲ್ಲವೆಂಬುದನ್ನು ಅದು ಕೇಳಿದವರಿಗೆ ಹೇಳುತ್ತದೆ. ಒಂದು ಮೊಬೈಲು, ಒಂದು ದುಭಾಷಿ, ಹತ್ತು ನಿಮಿಷಗಳ ಬಿಡುವು ಇದ್ದರೆ ಈ ಸಂಗತಿ ಹೊರಬೀಳುತ್ತದೆ. ಜೀವಮಾನದ ಉಳಿತಾಯವನ್ನು ಹಾಕಿ ಬಾಡಿಗೆಗೆ ಓಡಿಸಲು ಹಳೆಯ ಕಾರನ್ನು ಕೊಳ್ಳುವವನಿಗೆ ಈ ಹತ್ತು ನಿಮಿಷಗಳ ಬೆಲೆ ಎಷ್ಟೆಂದು ಹೇಳಬೇಕಾಗಿಲ್ಲ.

ಆದರೂ ಅತಿಯಾದ ನಂಬಿಕೆ ಸಲ್ಲದು. ಸಂಕೇತವು ರೋಗದ ಲಕ್ಷಣವನ್ನು ಹೇಳುತ್ತದೆಯೇ ಹೊರತು ರೋಗವನ್ನಲ್ಲ. ಪಿ 0171 ಬಂದೊಡನೆ ಆಕ್ಸಿಜನ್ ಸೆನ್ಸರನ್ನು ಕಿತ್ತು ಹೊಸದನ್ನು ಹಾಕುವವನು, ಜ್ವರ ಬಂದವನ ಥರ್ಮಾಮೀಟರನ್ನು ಬದಲಾಯಿಸಿದಂತೆ ಮಾಡಿದನು. ಎಲ್ಲೋ ಒಂದು ರಬ್ಬರ್ ಕೊಳವೆ ಸೀಳಿ ಗಾಳಿ ಒಳನುಗ್ಗುತ್ತಿರಬಹುದು. ಪೆಟ್ರೋಲಿನ ಫಿಲ್ಟರು ಕಟ್ಟಿಕೊಂಡಿರಬಹುದು. ಅದನ್ನು ಕಂಡುಹಿಡಿಯಲು ಮೇಸ್ತ್ರಿಯ ಅನುಭವವೇ ಬೇಕು. ಈ ಸಾಧನವು ಬಂದರೆ ಮೇಸ್ತ್ರಿಯ ಕಸುಬು ಹೋಗುತ್ತದೆ ಎನ್ನುವವರು ವಿಷಯವನ್ನು ತಲೆಕೆಳಗಾಗಿ ನೋಡಿದ್ದಾರೆ. ಸಾಧನವಿಲ್ಲದಿದ್ದರೆ ಅವನ ಕಸುಬು ಹೋಗುತ್ತದೆ. ಸಾಧನವಿದ್ದರೆ ಅವನ ಮೂವತ್ತು ವರ್ಷದ ಅನುಭವಕ್ಕೆ ಬೆಲೆ ಬರುತ್ತದೆ.

ಮುಂದಿನ ದಿನಗಳ ಯೋಚನೆಯೂ ಬೇಕು. ವಿದ್ಯುತ್ ವಾಹನಗಳು ನಮ್ಮ ರಸ್ತೆಗೆ ಬಂದಿವೆ. ಅವಕ್ಕೆ ಹೊಗೆ ಇಲ್ಲ; ಹೊಗೆಯ ನಿಯಮದಿಂದ ಹುಟ್ಟಿದ ಈ ಮಾತಿನ ಕಟ್ಟಳೆ ಅವುಗಳ ಬ್ಯಾಟರಿಗೆ ತಾನಾಗಿಯೇ ಅನ್ವಯಿಸುವುದಿಲ್ಲ. ಗಾಡಿಯ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದೇ. ಅದರ ಆಯುಸ್ಸೆಷ್ಟು ಉಳಿದಿದೆಯೆಂಬುದನ್ನು ಒಡೆಯನು ಕಂಪನಿಯ ಬಾಯಿಂದಲೇ ಕೇಳಬೇಕಾದರೆ, ಮೂವತ್ತು ವರ್ಷಗಳ ಹಿಂದೆ ಬಿಚ್ಚಿದ ಬೀಗವನ್ನು ಮತ್ತೆ ಹಾಕಿದಂತಾಗುವುದಿಲ್ಲವೇ?

ಹಾಗಾದರೆ ನಮ್ಮಿಂದ ಆಗಬೇಕಾದದ್ದೇನು? ಮೊದಲನೆಯದಾಗಿ, ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರ್ 24ರಂದು ರಿಪೇರಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ಆರಂಭಿಸಿದೆ. ಮೋಟಾರು ವಾಹನಗಳೂ ಬೇಸಾಯದ ಯಂತ್ರಗಳೂ ಅದರ ವ್ಯಾಪ್ತಿಯಲ್ಲಿವೆ. ಇದು ಒಳ್ಳೆಯ ಆರಂಭ. ಆದರೆ ಕಂಪನಿಗಳು ತಮಗೆ ಇಷ್ಟ ಬಂದಷ್ಟನ್ನು ಹೇಳಿದರೆ ಸಾಲದು, ರಿಪೇರಿಗೆ ಬೇಕಾದ ಸಂಕೇತಗಳನ್ನೆಲ್ಲ ಪ್ರಕಟಿಸುವುದು ಕಾನೂನಾಗಬೇಕು ಎಂದು ನಾವು ದನಿಯೆತ್ತಬೇಕು. ಎರಡನೆಯದಾಗಿ, ಐ.ಟಿ.ಐ. ಮತ್ತು ಪಾಲಿಟೆಕ್ನಿಕ್ಕುಗಳ ಪ್ರಯೋಗಶಾಲೆಗಳಲ್ಲಿ ಮುಕ್ತ ಸಾಧನಗಳನ್ನೇ ಬಳಸಿ ಕಲಿಸುವುದು ಯೋಗ್ಯ. ಒಳಗನ್ನು ಬಿಚ್ಚಿ ನೋಡಲಾಗದ ಪೆಟ್ಟಿಗೆಯಿಂದ ವಿದ್ಯಾರ್ಥಿಯು ಗುಂಡಿ ಒತ್ತುವುದನ್ನು ಕಲಿತಾನೇ ಹೊರತು ವಿದ್ಯೆಯನ್ನಲ್ಲ.

ಮೂರನೆಯ ಕೆಲಸ ಮಾತ್ರ ಪೂರ್ತಿಯಾಗಿ ನಮ್ಮದು, ಕಲಾ ವಿದ್ಯಾರ್ಥಿಗಳದು. ಗಾಡಿ ಆಡುವ ಮಾತು ಅಂಕಿಗಳಲ್ಲಿದೆ. ಅದರ ಅರ್ಥ ಇಂಗ್ಲಿಷಿನಲ್ಲಿದೆ. ಅದನ್ನು ಕೇಳಬೇಕಾದ ಮೇಸ್ತ್ರಿಯು ಕನ್ನಡದಲ್ಲಿದ್ದಾನೆ. ಮುಚ್ಚಿದ ತಂತ್ರಾಂಶವನ್ನು ಕನ್ನಡಕ್ಕೆ ತರಬೇಕಾದರೆ ಕಂಪನಿಯ ಕಾಲು ಹಿಡಿಯಬೇಕು. ಮುಕ್ತ ತಂತ್ರಾಂಶಕ್ಕೆ ಯಾರ ಅಪ್ಪಣೆಯೂ ಬೇಡ. ಅದರ ಪರವಾನಗಿಯೇ ಅಪ್ಪಣೆ. ದೋಷಸಂಕೇತಗಳಲ್ಲಿ ಮುಖ್ಯವಾದ ಐನೂರನ್ನು ಆರಿಸಿ, ಗ್ಯಾರೇಜಿನವರ ಬಾಯಲ್ಲಿರುವ ಮಾತನ್ನೇ ಬಳಸಿ ಕನ್ನಡದಲ್ಲಿ ಬರೆದರೆ ಹೇಗೆ? 'ಪ್ರಜ್ವಲನ ವೈಫಲ್ಯ' ಎಂದು ನಿಘಂಟು ನೋಡಿ ಬರೆದರೆ ಯಾರಿಗೂ ಅರ್ಥವಾಗದು. 'ಒಂದನೇ ಸಿಲಿಂಡರು ಮಿಸ್ಸಿಂಗ್' ಎಂದರೆ ಎಲ್ಲರಿಗೂ ತಿಳಿಯುತ್ತದೆ. ಬಿಡುವಿನ ದಿನಗಳಲ್ಲಿ ಗ್ಯಾರೇಜುಗಳಿಗೆ ಹೋಗಿ ಈ ಪದಗಳನ್ನು ಸಂಗ್ರಹಿಸುವುದು ಜಾನಪದ ಗೀತೆಗಳನ್ನು ಸಂಗ್ರಹಿಸಿದಷ್ಟೇ ಯೋಗ್ಯವಾದ ವಿದ್ಯಾರ್ಥಿ ಕಾರ್ಯವೆಂದು ನಾನು ತಿಳಿದಿದ್ದೇನೆ. ನಮ್ಮ ಕನ್ನಡ ಸಂಘವೂ ಅಧ್ಯಾಪಕ ವೃಂದವೂ ಮನಸ್ಸು ಮಾಡಿದರೆ ಒಂದು ವರ್ಷದಲ್ಲಿ ಆಗುವ ಕೆಲಸವಿದು.

ಭಾಷೆಯು ಆಡುವವರೆಲ್ಲರ ಸೊತ್ತು ಎಂಬುದನ್ನು ಕನ್ನಡಿಗರಿಗೆ ಬೇರೆ ಹೇಳಬೇಕಾಗಿಲ್ಲ. ಲೋಕದ ಉಸಿರಿಗಾಗಿ ಕಾನೂನು ಕಲಿಸಿದ ಗಾಡಿಯ ಮಾತೂ ಹಾಗೆಯೇ ಎಲ್ಲರದಾಗಲಿ. ಅದನ್ನು ಮೇಸ್ತ್ರಿಯ ಕಿವಿಗೆ ಮುಟ್ಟಿಸುವ ಕೆಲಸದಲ್ಲಿ ಮೊದಲ ನೂರು ಪದಗಳಾದರೂ ಬರುವ ವರ್ಷದ ಸಂಚಿಕೆಯೊಳಗೆ ನಮ್ಮ ಕಾಲೇಜಿನಿಂದ ಬರಲಿ.